ವಿನ್ಯಾಸ ಸ್ಪರ್ಧೆಗೆ ಫ್ಲೆಕ್ಸಿನಾಲ್ ತಂತಿ: ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

‘ಸ್ಮಾರ್ಟ್ ಮೆಟೀರಿಯಲ್ (ಬಿಸಿ, ವಿದ್ಯುತ್ತಿನಂಥವಕ್ಕೆ ತಾನಾಗಿ ಸ್ಪಂದಿಸುವ ವಸ್ತು) ಬಳಸಿ ಹೊಸ ಉತ್ಪನ್ನ ರೂಪಿಸಿ’ ಎಂಬ ಸ್ಪರ್ಧೆಗೆ ಇಳಿಯುವವರನ್ನು ಬೇಗ ಸೆಳೆಯುವ ವಸ್ತು ನಿಟಿನಾಲ್. ನಿಕಲ್ ಮತ್ತು ಟೈಟೇನಿಯಂನ ಈ ಮಿಶ್ರಲೋಹವನ್ನು, ಬಿಸಿಯಾದಾಗ ಉದ್ದದಲ್ಲೇ ಕುಗ್ಗುವಂತೆ ಹದಮಾಡಿ ಅಮೆರಿಕದ ಡೈನಲಾಯ್ ಕಂಪನಿ ‘ಫ್ಲೆಕ್ಸಿನಾಲ್’ ಹೆಸರಿನಲ್ಲಿ ಮಾರುತ್ತದೆ. ಸದ್ದಿಲ್ಲದೆ, ಇಕ್ಕಟ್ಟಾದ ಜಾಗದಲ್ಲಿ, ಕೆಲವೇ ಮಿಲಿಮೀಟರ್ ಎಳೆಯುವ ಕೆಲಸಕ್ಕೆ ಇದು ಬಹಳ ಒಳ್ಳೆಯ ತಂತಿ. ದೂರ ಚಲಿಸಬೇಕು, ಪಟಪಟನೆ ಆಡಬೇಕು ಎಂದಾದರೆ ಚಿಕ್ಕ ಸರ್ವೋ ಮೋಟರ್ ಕೊಳ್ಳಿ. ಅಗ್ಗವೂ ಹೌದು, ತಲೆನೋವೂ ಕಡಿಮೆ.

ಮೊದಲ ಮಾದರಿಗೆ 0.15 ಮಿ.ಮೀ. ದಪ್ಪದ ತಂತಿ ಸೂಕ್ತ. ಇದರ ರೋಧ ಮೀಟರಿಗೆ ಸುಮಾರು 55 ಓಮ್, ಎಳೆತದ ಬಲ 321 ಗ್ರಾಂ, ಒಂದು ಸೆಕೆಂಡಿನಲ್ಲಿ ಕುಗ್ಗಲು ಬೇಕಾದ ವಿದ್ಯುತ್ 410 ಮಿಲಿಆಂಪ್. ಕುಗ್ಗುವುದು ಉದ್ದದ ಶೇ. 4ರಷ್ಟು ಮಾತ್ರ. 20 ಸೆಂ.ಮೀ. ತುಂಡು ತೆಗೆದುಕೊಂಡರೆ ರೋಧ 11 ಓಮ್, ಬೇಕಾದ ವೋಲ್ಟೇಜ್ ಸುಮಾರು 4.5, ಸಿಗುವ ಚಲನೆ 8 ಮಿ.ಮೀ. ಉತ್ಪನ್ನದ ಚಿತ್ರ ಬರೆಯುವ ಮೊದಲೇ ಈ 8 ಮಿ.ಮೀ. ಲೆಕ್ಕ ಕಾಗದದ ಮೇಲಿರಬೇಕು. ಚಿತ್ರ ಮೊದಲು ಬರೆದು, ಆಮೇಲೆ ತಂತಿಯನ್ನು ಅದರೊಳಗೆ ತುರುಕಲು ಹೋದ ಮಾದರಿಗಳು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.

ಬಲದ ಲೆಕ್ಕದಲ್ಲೂ ಎಡವುವವರು ಹಲವರು. ತಂತಿ ತಾನಾಗಿ ಹಿಂದಿನ ಉದ್ದಕ್ಕೆ ಮರಳುವುದಿಲ್ಲ. ತಣ್ಣಗಾಗುವಾಗ ಅದನ್ನು ಹಿಂದಕ್ಕೆ ಜಗ್ಗಲು ಸ್ಪ್ರಿಂಗೋ ತೂಕವೋ ಬೇಕು. ಈ ದಪ್ಪಕ್ಕೆ ಅದು ಸುಮಾರು 128 ಗ್ರಾಂ. ಅಂದರೆ ನಿಮ್ಮ ಕೆಲಸಕ್ಕೆ ಉಳಿಯುವುದು 321 ಅಲ್ಲ, 190ರ ಆಸುಪಾಸು. 8 ಮಿ.ಮೀ.ಯನ್ನು ಸನ್ನೆಯಿಂದ ನಾಲ್ಕು ಪಟ್ಟು ಹಿಗ್ಗಿಸಿದರೆ ತುದಿಯಲ್ಲಿ 50 ಗ್ರಾಂ ಕೂಡ ಇರುವುದಿಲ್ಲ.

ಎಷ್ಟು ಬಿಸಿಗೆ ಕುಗ್ಗುತ್ತದೆ ಎಂಬ ಲೆಕ್ಕದಲ್ಲಿ 70 ಮತ್ತು 90 ಡಿಗ್ರಿಯ ಎರಡು ಬಗೆಗಳಿವೆ. ನಮ್ಮ ಕಡೆಗೆ 90 ಡಿಗ್ರಿಯದ್ದೇ ಸರಿ. 70ರ ತಂತಿ ಪೂರ್ತಿ ಸಡಿಲವಾಗಲು ಸುಮಾರು 42 ಡಿಗ್ರಿಗೆ ಇಳಿಯಬೇಕು. ರಾಯಚೂರು, ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಗಾಳಿಯೇ ಅಷ್ಟು ಬಿಸಿಯಿರುವಾಗ ಅದು ಪೂರ್ತಿ ಸಡಿಲವಾಗದೆ ನಿಂತುಬಿಡಬಹುದು. 90ರದ್ದು ಸುಮಾರು 62ಕ್ಕೇ ಸಡಿಲವಾಗುತ್ತದೆ, ಬೇಗ ತಣಿಯುತ್ತದೆ ಕೂಡ. ಇನ್ನೊಂದು ಮಾತು: ಹೇಳಿದ ಕರೆಂಟ್ ಅಲುಗಾಡದ ಗಾಳಿಗೆ. ತೀರ್ಪುಗಾರರ ಮೇಜಿನ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಅಷ್ಟೇ ಕರೆಂಟಿಗೆ ತಂತಿ ಪೂರ್ತಿ ಕಾಯದೆ ಇರಬಹುದು. ಮಾದರಿಗೆ ಮುಚ್ಚಳ ಬೇಕೇ ಬೇಕು.

ಹೆಚ್ಚು ಮಾದರಿಗಳು ಸೋಲುವುದು ಜೋಡಣೆಯಲ್ಲಿ. ಟೈಟೇನಿಯಂ ಆಕ್ಸೈಡ್ ಪದರದಿಂದಾಗಿ ಸಾಮಾನ್ಯ ಸೋಲ್ಡರ್ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ಎಳೆದಾಗ ಜಾರುತ್ತದೆ. ತಂತಿಯ ತುದಿಯನ್ನು ಮಡಚಿ, ತಾಮ್ರದ ಎಳೆಯೊಂದಿಗೆ ಚಿಕ್ಕ ಹಿತ್ತಾಳೆ ಕೊಳವೆಯೊಳಗೆ ತೂರಿಸಿ, ಕ್ರಿಂಪಿಂಗ್ ಇಕ್ಕಳದಿಂದ ಎರಡು ಕಡೆ ಒತ್ತಿ. ಮಡಚದೆ ಒತ್ತಿದರೆ ನಾಲ್ಕು ಸಲ ಬಿಸಿಯಾಗುವಷ್ಟರಲ್ಲಿ ನುಣುಚಿಕೊಳ್ಳಬಹುದು. ಹಾಟ್ ಗ್ಲೂ ಬೇಡ, ಕರಗುತ್ತದೆ. ಪಿಎಲ್‌ಎ ಪ್ಲಾಸ್ಟಿಕ್ಕಿನ 3ಡಿ ಮುದ್ರಿತ ಭಾಗಗಳು 60 ಡಿಗ್ರಿಯಲ್ಲೇ ಮೆತ್ತಗಾಗುವುದರಿಂದ ತಂತಿ ಹಾದುಹೋಗುವಲ್ಲಿ ಟೆಫ್ಲಾನ್ ಕೊಳವೆ ಹಾಕಿ. ತಿರುವುಗಳಲ್ಲಿ ರಾಟೆಯ ವ್ಯಾಸ 15 ಮಿ.ಮೀ.ಗಿಂತ ಕಡಿಮೆಯಿದ್ದರೆ ತಂತಿ ಬೇಗ ದಣಿಯುತ್ತದೆ.

ತಂತಿಯನ್ನು ಆರ್ಡುಯಿನೋ (ಪ್ರೋಗ್ರಾಂ ಮಾಡಬಹುದಾದ ಚಿಕ್ಕ ನಿಯಂತ್ರಣ ಬೋರ್ಡ್) ಪಿನ್ನಿಗೆ ನೇರವಾಗಿ ಜೋಡಿಸಬೇಡಿ, ಅದು ಕೊಡಬಲ್ಲದ್ದು 20 ಮಿಲಿಆಂಪ್ ಅಷ್ಟೇ. ನಡುವೆ ಐಆರ್‌ಎಲ್‌ಜಡ್44ಎನ್‌ನಂಥ, 5 ವೋಲ್ಟಿಗೆ ಪೂರ್ತಿ ತೆರೆಯುವ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಇರಲಿ. ಅದರ ಗೇಟಿನಿಂದ (ಸ್ವಿಚ್ಚನ್ನು ನಿಯಂತ್ರಿಸುವ ಕಾಲಿನಿಂದ) ಗ್ರೌಂಡಿಗೆ 10 ಕಿಲೋಓಮ್ ರೋಧಕ ಹಾಕಿ, ಇಲ್ಲದಿದ್ದರೆ ಬೋರ್ಡ್ ಆರಂಭವಾಗುವ ಹೊತ್ತಿನಲ್ಲಿ ತಂತಿ ತಾನಾಗಿ ಕಾದುಬಿಡಬಹುದು. 20 ಸೆಂ.ಮೀ. ತುಂಡಿಗೆ 5 ವೋಲ್ಟ್ ಕೊಟ್ಟರೆ 455 ಮಿಲಿಆಂಪ್ ಹರಿಯುತ್ತದೆ. ಪಿಡಬ್ಲ್ಯೂಎಂ (ವಿದ್ಯುತ್ತನ್ನು ವೇಗವಾಗಿ ಹಾಕಿ ತೆಗೆದು ಸರಾಸರಿ ತಗ್ಗಿಸುವ ವಿಧಾನ) ಶೇ. 80ಕ್ಕೆ ಇಟ್ಟರೆ ಸರಿಹೋಗುತ್ತದೆ. ಅದೇ 5 ವೋಲ್ಟನ್ನು 10 ಸೆಂ.ಮೀ. ತುಂಡಿಗೆ ಹಾಗೇ ಕೊಟ್ಟರೆ ಕರೆಂಟ್ 900 ಮಿಲಿಆಂಪ್ ದಾಟಿ, ತಂತಿಯ ‘ನೆನಪು’, ಅಂದರೆ ಬಿಸಿಯಾದಾಗ ಕುಗ್ಗುವ ಗುಣ, ಅಳಿಸಿಹೋಗುತ್ತದೆ. ಅಡ್ಡ ಸಿಕ್ಕಿ ಕುಗ್ಗಲಾಗದೆ ಕಾಯ್ದರೂ ಇದೇ ಗತಿ. ಹಾಗಾಗಿ ಚಲನೆಯ ಕೊನೆಯಲ್ಲಿ, ಅಲ್ಲಿಗೆ ತಲುಪಿದ್ದನ್ನು ಗುರುತಿಸಿ ಕರೆಂಟ್ ನಿಲ್ಲಿಸಲು, ಲಿಮಿಟ್ ಸ್ವಿಚ್ ಇಡಿ.

ಬ್ಯಾಟರಿಯಿಂದ ದಿನವಿಡೀ ಓಡುವ ಉತ್ಪನ್ನದ ಆಸೆ ಬಿಡಿ. ಮೇಲಿನ ಲೆಕ್ಕದಲ್ಲಿ ಒಂದು ಎಳೆತಕ್ಕೆ ಸುಮಾರು 1.8 ಜೌಲ್ ಖರ್ಚಾದರೆ ಸಿಗುವ ಕೆಲಸ 0.025 ಜೌಲ್, ಶೇ. 1.4ರಷ್ಟು. ಅಪರೂಪಕ್ಕೊಮ್ಮೆ ಬಿಚ್ಚುವ ಚಿಲಕ, ಔಷಧಿ ಡಬ್ಬಿಯ ಬೀಗ, ಮಲಗುವ ಕೋಣೆಯ ಗಾಳಿಕಿಂಡಿ ಇಂಥವಕ್ಕೆ ಇದು ಹೇಳಿ ಮಾಡಿಸಿದ್ದು.

ಕೊಳ್ಳುವಾಗ ‘ನಿಟಿನಾಲ್’ ಎಂಬ ಹೆಸರೊಂದನ್ನೇ ನಂಬಬೇಡಿ. ಹಲ್ಲಿನ ಕ್ಲಿಪ್ಪಿಗೆ, ಕನ್ನಡಕದ ಫ್ರೇಮಿಗೆ ಬಳಸುವ ತಂತಿಯೂ ನಿಟಿನಾಲೇ. ಬಗ್ಗಿಸಿ ಬಿಟ್ಟರೆ ತಣ್ಣಗಿದ್ದಾಗಲೇ ನೆಟ್ಟಗಾಗುವ ಅದು ಈ ಕೆಲಸಕ್ಕೆ ಬಾರದು. ಬಗ್ಗಿಸಿದರೆ ಹಾಗೇ ಉಳಿದು, ಕುದಿನೀರಿಗೆ ಹಾಕಿದಾಗ ನೆಟ್ಟಗಾದರೂ ಅರ್ಧ ಪರೀಕ್ಷೆಯಷ್ಟೇ ಮುಗಿದಂತೆ. 20 ಸೆಂ.ಮೀ. ತುಂಡಿಗೆ 128 ಗ್ರಾಂ ತೂಕ ತೂಗುಹಾಕಿ ಕರೆಂಟ್ ಕೊಡಿ. ತೂಕ 8 ಮಿ.ಮೀ. ಆಸುಪಾಸು ಮೇಲೇರಿ, ಕರೆಂಟ್ ನಿಲ್ಲಿಸಿದಾಗ ಮತ್ತೆ ಅಲ್ಲಿಗೇ ಇಳಿದರೆ ಮಾತ್ರ ಮಾದರಿಗೆ ಬಳಸಿ.