ಬಳ್ಳಾರಿ ಧೂಳಿನಲ್ಲಿ ಏಳು ವರ್ಷ: ಶಿಮಾನೊ ಎಂ520 ಪೆಡಲ್ ಮತ್ತು ಅರ್ಧ ಕೆಜಿ ಗ್ರೀಸ್

ಈ ಪೆಡಲ್ ಜೊತೆಯನ್ನು ಕೊಂಡದ್ದು 2018ರಲ್ಲಿ. ಆಮೇಲೆ ಸೈಕಲ್ಲೇ ಬದಲಾಯಿತು, ಚೈನುಗಳು ಎಷ್ಟು ಸವೆದವೋ ಲೆಕ್ಕ ಇಟ್ಟಿಲ್ಲ. ಪೆಡಲ್ ಮಾತ್ರ ಅದೇ. ಏಳು ವರ್ಷಕ್ಕೆ ಹೆಚ್ಚು ಕಡಿಮೆ 20,000 ಕಿ.ಮೀ. ತುಳಿದಿದ್ದೇನೆ. ಬಣ್ಣ ಹೋಗಿದೆ, ಅಂಚು ಗೀಚಿಹೋಗಿದೆ, ಹಿಡಿತ ಹೋಗಿಲ್ಲ.

ಕಂಡಿರದವರಿಗೆ ಒಂದು ಮಾತು. ಬೂಟಿನ ಅಟ್ಟೆಗೆ ಕೂರಿಸಿದ ಸಣ್ಣ ಉಕ್ಕಿನ ಕ್ಲೀಟನ್ನು ಈ ಪೆಡಲ್ ಕಚ್ಚಿ ಹಿಡಿಯುತ್ತದೆ. ಹಿಮ್ಮಡಿ ಹೊರಗೆ ತಿರುವಿದರೆ ಬಿಡುತ್ತದೆ. ಇಷ್ಟು ಗಟ್ಟಿಯಾಗಿ ಹಿಡಿದರೂ ಹೆಸರು ಕ್ಲಿಪ್‌ಲೆಸ್! ಹಿಂದೆ ರೇಸ್ ಸೈಕಲ್‌ಗಳಲ್ಲಿ ಕಾಲ್ಬೆರಳಿನ ಮುಂದೆ ಕ್ಲಿಪ್ಪು, ಮೇಲೊಂದು ಬೆಲ್ಟು ಇರುತ್ತಿತ್ತು. ಅದಿಲ್ಲ ಅಂತ ಈ ಹೆಸರು. 1985ರಲ್ಲಿ ಫ್ರಾನ್ಸಿನ ಸೈಕಲ್ ಪಟು ಬೆರ್ನಾರ್ ಇನೊ ಲುಕ್ ಕಂಪನಿಯ ಇಂಥ ಪೆಡಲ್ ತುಳಿದು ಟೂರ್ ದ ಫ್ರಾನ್ಸ್ ಗೆದ್ದರು. ನನ್ನದು ಎಸ್‌ಪಿಡಿ (ಶಿಮಾನೊ ಪೆಡಲಿಂಗ್ ಡೈನಾಮಿಕ್ಸ್) ಬಗೆ, ಶಿಮಾನೊ ಅದನ್ನು ತಂದದ್ದು 1990ರಲ್ಲಿ. ಕ್ಲೀಟು ಅಟ್ಟೆಯೊಳಗೆ ಹುದುಗಿರುವುದರಿಂದ ಇಳಿದು ಚಹಾ ಅಂಗಡಿಯವರೆಗೆ ನಡೆಯಬಹುದು. ನನಗೆ ಅದು ಮುಖ್ಯ.

ಮೊದಲ ವಾರ ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ಕಾಲು ಬಿಡಿಸಲು ಮರೆತು, ನಿಂತಲ್ಲೇ ಪಕ್ಕಕ್ಕೆ ಉರುಳಿದೆ. "ಏನಾತ್ರೀ ಸರ, ಬಿಸಿಲಿಗೆ ತಲಿ ತಿರುಗಿತೇನ್ರೀ?" ಅಂತ ಆಟೋದವನು ನೀರಿನ ಬಾಟಲಿ ಹಿಡಿದು ಓಡಿಬಂದ. ಹೌದು ಅಂದೆ. ಇನ್ನೇನು ಹೇಳಲಿ? 3 ಎಂಎಂ ಅಲೆನ್ ಕೀಯಿಂದ ಪೆಡಲ್‌ನ ಕಚ್ಚುವ ಸ್ಪ್ರಿಂಗ್ ಸಡಿಲ ಮಾಡಿಕೊಂಡರೆ ಕಾಲು ಸಲೀಸಾಗಿ ಬಿಡುತ್ತದೆ ಅಂತ ಆಮೇಲೆ ಗೊತ್ತಾಯಿತು.

ಈಗ ಧೂಳಿನ ಮಾತು. ಭಾನುವಾರದ ನನ್ನ ದಾರಿ ತೋರಣಗಲ್ಲು, ಕೆಲವೊಮ್ಮೆ ಸಂಡೂರು. ಅದಿರಿನ ಲಾರಿ ಓಡುವ ರಸ್ತೆ. ಮನೆಗೆ ಬಂದರೆ ಕಾಲುಚೀಲ ಕೆಂಪು, ಕಿವಿ ಕೆಂಪು. ಆ ಕೆಂಪು ಪುಡಿ ಐರನ್ ಆಕ್ಸೈಡ್. ಅಕ್ಕಸಾಲಿಗರು ಒಡವೆಗೆ ಮೆರುಗು ಕೊಡಲು ಬಳಸುವ ಕೆಂಪು ಪುಡಿಯೂ ಅದೇ ಜಾತಿ. ಅದು ಬೇರಿಂಗ್ ಒಳಗೆ ಹೊಕ್ಕು ಗ್ರೀಸಿನ ಜೊತೆ ಕಲೆತರೆ ಸಾಣೆ ಹಿಡಿದ ಹಾಗೇ. ನುಣ್ಣಗೆ, ಸದ್ದಿಲ್ಲದೆ ಉಕ್ಕು ತಿನ್ನುತ್ತದೆ.

ಎರಡು ವರ್ಷ ನಾನು ಪೆಡಲ್ ಬಿಚ್ಚಲೇ ಇಲ್ಲ. ತಪ್ಪು ನನ್ನದೇ. ಮೂರನೇ ಬೇಸಿಗೆಗೆ ಏರಿನಲ್ಲಿ ಕಟ್ ಕಟ್ ಸದ್ದು ಶುರುವಾಯಿತು. ಎರಡು ಪೆಡಲ್ ತೋಳುಗಳ ನಡುವಿನ ಆಕ್ಸಲ್ ಹೋಗಿದೆ ಅಂದುಕೊಂಡೆ. ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ತೋರಿಸಿದರೆ, ಕೈಯಲ್ಲಿ ಒಂದು ಸುತ್ತು ತಿರುಗಿಸಿ, "ಪೆಡಲ್ ಹೋಗಿದೆ, ರಿಪೇರಿ ಆಗಲ್ಲ, ಹೊಸದು ಹಾಕ್ಸಿ" ಅಂದರು. ಸದ್ದು ಪೆಡಲ್‌ನದು ಅನ್ನುವುದು ನಿಜವಾಗಿತ್ತು. ರಿಪೇರಿ ಆಗಲ್ಲ ಅನ್ನುವುದು ಶುದ್ಧ ಸುಳ್ಳು.

ಈ ಪೆಡಲ್‌ನ ದೊಡ್ಡ ಗುಣವೇ ಅದು, ಬಿಚ್ಚಲು ಬರುತ್ತದೆ. ಎಷ್ಟೋ ಅಗ್ಗದ ಪೆಡಲ್‌ಗಳಲ್ಲಿ ಒಳಗೆ ಕೈ ಹಾಕುವ ದಾರಿಯೇ ಇರುವುದಿಲ್ಲ.

ಮೊದಲು ಕ್ರ್ಯಾಂಕಿನಿಂದ, ಅಂದರೆ ಪೆಡಲ್ ಕೂರುವ ತೋಳಿನಿಂದ, ತೆಗೆಯಬೇಕು. ಕೆಲವಕ್ಕೆ 15 ಎಂಎಂ ಪಾನಾ, ಕೆಲವಕ್ಕೆ ಹಿಂದಿನಿಂದ 8 ಎಂಎಂ ಅಲೆನ್ ಕೀ. ಎಡಗಡೆಯದು ಉಲ್ಟಾ ಥ್ರೆಡ್. ಗೊಂದಲ ಆದರೆ ಪಾನಾ ಮೇಲ್ಮುಖವಾಗಿ ಕೂರಿಸಿ ಹಿಂದಿನ ಚಕ್ರದ ಕಡೆ ಎಳೆಯಿರಿ, ಎರಡೂ ಪಕ್ಕ ಬಿಚ್ಚಿಕೊಳ್ಳುತ್ತವೆ. ಹಾಕುವಾಗ ಆ ಥ್ರೆಡ್ಡಿಗೂ ಒಂದಿಷ್ಟು ಗ್ರೀಸ್ ಸವರಿ. ಇಲ್ಲದಿದ್ದರೆ ಮುಂದಿನ ಸಲ ಪಾನಾದ ಮೇಲೆ ನಿಂತು ಕುಣಿಯಬೇಕಾಗುತ್ತದೆ.

ಆಮೇಲೆ ಪೆಡಲ್ ಬುಡದಲ್ಲಿ ಹಲ್ಲುಹಲ್ಲಿನ ಒಂದು ಕಾಲರ್ ಕಾಣುತ್ತದೆ. ಅದಕ್ಕೆ ಟಿಎಲ್-ಪಿಡಿ40 ಅನ್ನುವ ಪ್ಲಾಸ್ಟಿಕ್ ಟೂಲ್ ಬೇಕು. ಬೆಲೆ ಜಾಸ್ತಿ ಏನಲ್ಲ. ನಾನು ಆ ಖರ್ಚನ್ನೂ ಉಳಿಸಲು ಹೋಗಿ ಲೇತ್ ಅಂಗಡಿಯಲ್ಲಿ ಪೈಪ್ ಪಾನಾ ಹಾಕಿಸಿದೆ. ಕಾಲರ್ ಕೂಡ ಪ್ಲಾಸ್ಟಿಕ್ಕೇ ಅಂತ ಅದರ ಹಲ್ಲು ಮುರಿದಾಗಲೇ ಗೊತ್ತಾದದ್ದು. ಇಲ್ಲಿ ಇನ್ನೊಂದು ತಮಾಷೆ. ಕ್ರ್ಯಾಂಕಿನಲ್ಲಿ ಎಡಗಡೆಯದು ಉಲ್ಟಾ ಇತ್ತಲ್ಲ, ಈ ಕಾಲರ್‌ನಲ್ಲಿ ಬಲಗಡೆಯದು ಉಲ್ಟಾ! ಟೂಲ್ ಮೇಲೆ ಬಿಗಿ ಮಾಡುವ ದಿಕ್ಕಿಗೆ ಬಾಣದ ಗುರುತಿದೆ, ಅದನ್ನು ನೋಡಿ ತಿರುಗಿಸುವುದೇ ಕ್ಷೇಮ.

ಕಾಲರ್ ಬಿಟ್ಟರೆ ಪೆಡಲ್‌ನ ಆಕ್ಸಲ್ ಇಡಿಯಾಗಿ ಹೊರಗೆ ಬರುತ್ತದೆ. ಬೇರಿಂಗಿನ ಬಾಲ್ಸ್ ಚೆಲ್ಲುತ್ತವೆ ಅನ್ನುವ ಭಯ ಬೇಡ, ತುದಿಯ ನಟ್ ಮುಟ್ಟದಿದ್ದರೆ ಅವು ಅಲ್ಲೇ ಇರುತ್ತವೆ. ನನ್ನದರಲ್ಲಿ ಗ್ರೀಸ್ ಅನ್ನುವಂಥದ್ದೇ ಉಳಿದಿರಲಿಲ್ಲ, ಕೆಂಪು ಕೆಸರಿತ್ತು. ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಡೀಸೆಲ್‌ನಲ್ಲಿ ಅದ್ದಿ ತೊಳೆದು ಚೆನ್ನಾಗಿ ಒಣಗಿಸಿದೆ.

ಗ್ರೀಸ್ ತುಂಬುವ ಉಪಾಯ ಬಲು ಸುಲಭ. ಪೆಡಲ್‌ನ ಖಾಲಿ ತೂತಿನೊಳಗೆ ತಳಕ್ಕೆ ಗ್ರೀಸ್ ಇಡಿ. ಆಕ್ಸಲ್ ಒಳಗೆ ಬಿಟ್ಟು ಕಾಲರನ್ನು ನಿಧಾನಕ್ಕೆ ತಿರುಗಿಸುತ್ತಾ ಬನ್ನಿ. ಇಂಜೆಕ್ಷನ್ ಸಿರಿಂಜಿನ ಹಾಗೆ ಆಕ್ಸಲ್ಲೇ ಗ್ರೀಸನ್ನು ಒತ್ತುತ್ತದೆ. ಹೊಸದು ಬಾಲ್ಸ್ ನಡುವೆ ನುಗ್ಗಿ, ಹಳೆಯದನ್ನು ಕ್ರ್ಯಾಂಕಿನ ಕಡೆ ಹೊರಗೆ ದಬ್ಬುತ್ತದೆ. ಮೊದಲು ಕೆಂಪು ಬರುತ್ತದೆ, ಆಮೇಲೆ ಕಂದು. ಎರಡು ಮೂರು ಸಲ ಮಾಡಿದರೆ ಚೊಕ್ಕ ಗ್ರೀಸ್ ಇಣುಕುತ್ತದೆ. ಅದನ್ನು ನೋಡುವುದೇ ಒಂದು ಸುಖ. ಅವಸರ ಮಾಡಬೇಡಿ, ಜೋರಾಗಿ ಒತ್ತಿದರೆ ಸೀಲ್ ಎದ್ದು ಬರಬಹುದು. ಒಂದು ಪೆಡಲಿಗೆ ಹತ್ತು ನಿಮಿಷ ಸಾಕು.

ಗ್ರೀಸ್ ಯಾವುದು? ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ ಎಪಿ3 ಅನ್ನುವ ಲಿಥಿಯಂ ಗ್ರೀಸ್, ಅದರ 3 ಅನ್ನುವುದು ಗಟ್ಟಿತನದ ನಂಬರ್. ಅರ್ಧ ಕೆಜಿ ಡಬ್ಬಿ ತಂದು ಐದು ವರ್ಷವಾಯಿತು, ಕಾಲು ಭಾಗವೂ ಮುಗಿದಿಲ್ಲ. ನಂಬರ್ 2 ಗ್ರೀಸ್ ಸಿಕ್ಕರೆ ಇನ್ನೂ ಒಳ್ಳೆಯದು, ಮೆತ್ತಗಿರುವುದರಿಂದ ಸುಲಭವಾಗಿ ಒಳಗೆ ಹೋಗುತ್ತದೆ. "ನಮ್ಮೂರ ಬಿಸಿಲಿಗೆ ಗ್ರೀಸ್ ಕರಗಲ್ವೇನಣ್ಣ?" ಅಂತ ಜೊತೆಗೆ ಬರುವ ಹುಡುಗ ಕೇಳಿದ್ದ. ಲಿಥಿಯಂ ಗ್ರೀಸ್ ಕರಗಿ ತೊಟ್ಟಿಕ್ಕಲು ಸುಮಾರು 180 ಡಿಗ್ರಿ ಬೇಕು. ಬಳ್ಳಾರಿ ಇನ್ನೂ ಅಲ್ಲಿಗೆ ಹೋಗಿಲ್ಲ.

ಗ್ರೀಸ್ ತುಂಬಿದ ಮೇಲೂ ಪೆಡಲ್ ಅತ್ತಿತ್ತ ಅಲ್ಲಾಡಿದರೆ ಕೋನ್, ಅಂದರೆ ಆಕ್ಸಲ್ ತುದಿಯಲ್ಲಿ ಬಾಲ್ಸನ್ನು ಒತ್ತಿ ಹಿಡಿಯುವ ನಟ್, ಬಿಗಿ ಮಾಡಬೇಕು. ಇದಕ್ಕೆ 10 ಎಂಎಂ ಮತ್ತು 7 ಎಂಎಂ ಪಾನಾ. ನಿಜ ಹೇಳುತ್ತೇನೆ, ಇದು ತಲೆನೋವಿನ ಕೆಲಸ. ಕೋನ್ ಸರಿ ಕೂರಿಸಿ ಮೇಲಿನ ಲಾಕ್ ನಟ್ ಬಿಗಿ ಮಾಡಿದರೆ ಕೋನೂ ಅದರ ಜೊತೆ ತಿರುಗಿ ಪೆಡಲ್ ಹಿಡಿದುಕೊಳ್ಳುತ್ತದೆ. ಅದಕ್ಕೇ ಕೂದಲೆಳೆಯಷ್ಟು ಸಡಿಲ ಬಿಟ್ಟು ಲಾಕ್ ಮಾಡಬೇಕು. ಮೊದಲ ಸಲ ನನಗೆ ಒಂದು ಗಂಟೆ ಹಿಡಿಯಿತು. ಸಾಲದ್ದಕ್ಕೆ ನಟ್ ಪೂರ್ತಿ ಬಿಚ್ಚಿಬಿಟ್ಟೆ. ಸಾಸಿವೆಗಿಂತ ತುಸು ದಪ್ಪನೆಯ ಬಾಲ್ಸ್ ಟಣಟಣ ಅಂತ ಇಡೀ ಪಡಸಾಲೆಗೆ ಹರಡಿದವು. ಕೊನೆಯದನ್ನು ಮರುದಿನ ಕಸ ಗುಡಿಸುವಾಗ ನಮ್ಮ ಮನೆಯವರೇ ಹುಡುಕಿಕೊಟ್ಟರು. ಜೊತೆಗೊಂದು ಮಾತು: "ಆ ಕೈಲೆ ಜೋಳದ ಹಿಟ್ಟಿನ ಡಬ್ಬಿ ಮುಟ್ಟಬ್ಯಾಡ್ರಿ." ಅಂದಿನಿಂದ ದೊಡ್ಡ ತಟ್ಟೆಯೊಳಗೇ ನನ್ನ ಕೆಲಸ.

ಈಗ ನಾಲ್ಕು ತಿಂಗಳಿಗೊಮ್ಮೆ ಗ್ರೀಸ್ ಮಾಡುತ್ತೇನೆ, ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲೇ. ವಾಟರ್ ಸರ್ವಿಸ್ ಅಂಗಡಿಗೆ ಸೈಕಲ್ ಕೊಡುವುದನ್ನು ಬಿಟ್ಟಿದ್ದೇನೆ. ಆ ಜೋರು ನೀರು ಸೀಲ್ ದಾಟಿ ಒಳಗೆ ಹೋಗಿ ಗ್ರೀಸ್ ಕೆಡಿಸುತ್ತದೆ. ಕಚ್ಚುವ ಸ್ಪ್ರಿಂಗಿಗೆ ಗ್ರೀಸ್ ಹಚ್ಚಬೇಡಿ, ಧೂಳು ಮೆತ್ತಿಕೊಳ್ಳುತ್ತದೆ. ಚೈನಿಗೆ ಬಿಡುವ ಎಣ್ಣೆ ಒಂದು ಹನಿ ಸಾಕು.

ಸಿರುಗುಪ್ಪ ರಸ್ತೆಯ ಕಥೆಯೇ ಬೇರೆ. ಭತ್ತದ ನಾಟಿ ಸಮಯದಲ್ಲಿ ಟ್ರ್ಯಾಕ್ಟರ್‌ಗಳು ಎರೆಮಣ್ಣನ್ನು ರಸ್ತೆಗೆ ತಂದು ಹಾಕಿರುತ್ತವೆ. ಕಾಲಿಟ್ಟರೆ ಕ್ಲೀಟಿನ ಗೂಡು ತುಂಬಿ, ಪೆಡಲ್ ಕಚ್ಚುವುದೇ ಇಲ್ಲ. ಆಗ ಪಕ್ಕದ ಬಳ್ಳಾರಿ ಜಾಲಿಯ ಕಡ್ಡಿ ಮುರಿದು ಕೆದಕುತ್ತೇನೆ. ಟ್ಯೂಬಿಗೆ ವರ್ಷವಿಡೀ ಚುಚ್ಚುವ ಆ ಮುಳ್ಳುಗಿಡದಿಂದ ಸಿಗುವ ಉಪಕಾರ ಇದೊಂದೇ.

ಒಮ್ಮೆ ಗ್ರೀಸ್, ಕೋನ್ ಎಲ್ಲ ಸರಿ ಇದ್ದರೂ ಕಾಲು ಸಡಿಲ ಅನ್ನಿಸಿತು. ಸವೆದದ್ದು ಕ್ಲೀಟು! ಹೊಸ ಕ್ಲೀಟ್ ಹಾಕಿದ ಮೇಲೆ ಹಿಡಿತ ಮೊದಲಿನಂತಾಯಿತು. ಪೆಡಲ್ ಬಿಚ್ಚುವ ಮೊದಲು ಬೂಟು ತಿರುವಿ ನೋಡಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಕೋನ್ ಕೆಲಸಕ್ಕೆ. ಎರಡೂ ಸೇರಿ 380 ಗ್ರಾಂ ತೂಕ, ರೇಸ್‌ನವರಿಗೆ ಭಾರ ಅನ್ನಿಸಬಹುದು, ನನಗೆ ಅನ್ನಿಸಿಲ್ಲ.

ಮೊನ್ನೆ ಬಿಚ್ಚಿದಾಗ ಎಡಗಡೆ ಕೋನ್ ಮೇಲೆ ಎರಡು ಸಣ್ಣ ಗುಳಿ ಕಂಡವು. ಹೀಗೆ ಗುಳಿ ಬಿದ್ದ ಮೇಲೆ ಗ್ರೀಸ್‌ನಿಂದ ಏನೂ ಆಗದು, ಗರಗರ ಹೋಗುವುದಿಲ್ಲ. ಆದರೂ ತುಂಬಿ ಮುಚ್ಚಿದ್ದೇನೆ. ಈ ಬೇಸಿಗೆ ದಾಟಿದರೆ ದೀಪಾವಳಿಗೆ ಹೊಸ ಜೊತೆ ತರುತ್ತೇನೆ, ಇದೇ ಎಂ520. ಬಲಗಡೆಯದು ಇನ್ನೂ ಬೆಣ್ಣೆಯ ಹಾಗೆ ತಿರುಗುತ್ತಿದೆ, ಅದನ್ನು ಮಾತ್ರ ಎಸೆಯಲು ಮನಸ್ಸಿಲ್ಲ.