ವಿಚರ್ 3: ಇಷ್ಟು ವರ್ಷ ಆಡಿದ ಮೇಲೂ ಮತ್ತೆ ಮೊದಲಿಂದ ಶುರು ಮಾಡಬೇಕು ಅನಿಸುವುದೇಕೆ

ಕಥೆಯೇ ಜೀವಾಳವಾಗಿರುವ ರೋಲ್ ಪ್ಲೇಯಿಂಗ್ ಗೇಮ್‌ಗಳ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ‘ಎಷ್ಟು ಎಂಡಿಂಗ್ ಇವೆ?’ ದಿ ವಿಚರ್ 3: ವೈಲ್ಡ್ ಹಂಟ್ ಬರುವ ಮುಂಚೆ, ಅದನ್ನು ಮಾಡಿದ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕೂಡ 36 ಬಗೆಯ ಮುಕ್ತಾಯಗಳಿವೆ ಎಂದು ಹೇಳಿಕೊಂಡಿತ್ತು. ಗೇಮ್ ಬಂದದ್ದು 2015ರ ಮೇ 19ರಂದು. ಆಗಿನಿಂದ ಬಿಟ್ಟು ಬಿಟ್ಟು ಆಡುತ್ತಲೇ ಬಂದಿದ್ದೇನೆ. ಇಷ್ಟು ಆಡಿದ ಮೇಲೆ ಹೇಳುತ್ತೇನೆ, ಆ 36ರ ಲೆಕ್ಕ ಮುಖ್ಯವೇ ಅಲ್ಲ. ನೀವು ಯಾವಾಗ ದೊಡ್ಡ ಆಯ್ಕೆ ಮಾಡುತ್ತಿದ್ದೀರಿ ಎಂದು ಈ ಗೇಮ್ ಹೇಳುವುದಿಲ್ಲ. ಮಾಡಿದ ಆಯ್ಕೆಯ ಫಲವನ್ನು ಕೂಡಲೇ ತೋರಿಸುವುದೂ ಇಲ್ಲ. ನನ್ನನ್ನು ಮತ್ತೆ ಮತ್ತೆ ಎಳೆದು ತಂದದ್ದು ಇದೇ.

ಇಲ್ಲಿಂದ ಮುಂದೆ ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ. ಇನ್ನೂ ಆಡಿಲ್ಲದವರು ಕೊನೆಯ ಎರಡು ಪ್ಯಾರಾಗಳಿಗೆ ಹೋಗಿಬಿಡಿ. ಅಲ್ಲಿ ಯಾರು ಕೊಳ್ಳಬೇಕು, ಹೇಗೆ ಆಡಬೇಕು ಎಂದಿದೆ, ಕಡೆಯ ಕೆಲವು ಸಾಲು ಮಾತ್ರ ಬಿಟ್ಟುಬಿಡಿ.

ಚಿಕ್ಕ ಉದಾಹರಣೆಯಿಂದ ಶುರು ಮಾಡುತ್ತೇನೆ. ಆಟದ ಮೊದಲ ಪ್ರದೇಶ ವೈಟ್ ಆರ್ಚರ್ಡ್. ಅಲ್ಲಿ ಗಿಡಮೂಲಿಕೆ ಔಷಧಿ ಕೊಡುವ ತೊಮಿರಾ ಎಂಬ ಹೆಂಗಸಿನ ಗುಡಿಸಲಿನಲ್ಲಿ ಲೀನಾ ಎಂಬ ಹುಡುಗಿ ಸಾಯುವ ಸ್ಥಿತಿಯಲ್ಲಿ ಮಲಗಿರುತ್ತಾಳೆ. ಗ್ರಿಫಿನ್ ಎಂಬ ರಾಕ್ಷಸ ಪ್ರಾಣಿ ದಾಳಿ ಮಾಡಿದ ಗಾಯ. ನೀವು ವಿಚರ್‌ಗಳು, ಅಂದರೆ ಹಣಕ್ಕೆ ರಾಕ್ಷಸರನ್ನು ಕೊಲ್ಲುವವರು, ಕುಡಿಯುವ ಸ್ವಾಲೋ ಮದ್ದು ಕೊಡಬಹುದು. ಆದರೆ ಅದು ಸಾಮಾನ್ಯ ಮನುಷ್ಯರಿಗೆ ವಿಷದಷ್ಟೇ ಅಪಾಯ. ಕೊಡದೆ ಬಿಟ್ಟರೆ ಅವಳು ಸಾಯುತ್ತಾಳೆ. ಕೊಟ್ಟು ಮುಂದೆ ಹೋಗುತ್ತೀರಿ, ಆ ವಿಷಯ ಮರೆತೇ ಹೋಗುತ್ತದೆ. ಎಷ್ಟೋ ಗಂಟೆ ಆಡಿದ ನಂತರ ವೆಲೆನ್ ಪ್ರದೇಶದಲ್ಲಿ, ದಂಡೆತ್ತಿ ಬಂದ ನಿಲ್ಫ್‌ಗಾರ್ಡ್ ಸಾಮ್ರಾಜ್ಯದ ಸೈನ್ಯದ ಬಿಡಾರದಲ್ಲಿ ಒಬ್ಬ ಸೈನಿಕ ಸಿಗುತ್ತಾನೆ. ಅವನು ಅವಳ ಪ್ರಿಯಕರ. ಅವಳು ಬದುಕಿದ್ದಾಳೆ, ಆದರೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಅವನಿಂದ ಗೊತ್ತಾಗುತ್ತದೆ. ಇದಕ್ಕೆ ಬಹುಮಾನವೂ ಇಲ್ಲ, ಶಿಕ್ಷೆಯೂ ಇಲ್ಲ. ಆ ಬಿಡಾರದ ಕಡೆ ಹೋಗದಿದ್ದರೆ ಇದು ನಿಮಗೆ ತಿಳಿಯುವುದೇ ಇಲ್ಲ. ಮತ್ತೊಮ್ಮೆ ಆಡುವಾಗ ಅದೇ ಗುಡಿಸಲಿನ ಬಾಗಿಲಲ್ಲಿ ನಿಂತರೆ ಕೈ ತಡೆಯುತ್ತದೆ. ಮೊದಲ ಸಲ ‘ಒಂದು ಜೀವ ಉಳಿಸೋಣ’ ಎಂದು ಸುಮ್ನೆ ಒತ್ತಿದ ಗುಂಡಿ ಈಗ ಹಾಗೆ ಒತ್ತಲು ಬರುವುದಿಲ್ಲ.

ಇದೇ ತಂತ್ರದ ದೊಡ್ಡ ರೂಪ ಬ್ಲಡಿ ಬ್ಯಾರನ್ ಕಥೆ. ಈ ಗೇಮ್ ಬಗ್ಗೆ ಯಾರೇ ಮಾತಾಡಿದರೂ ಇದನ್ನು ಹೇಳಿಯೇ ಹೇಳುತ್ತಾರೆ, ಕಾರಣ ಇದೆ. ಬ್ಯಾರನ್, ಅಂದರೆ ಫಿಲಿಪ್ ಸ್ಟ್ರೆಂಗರ್, ಕುಡುಕ. ಹೆಂಡತಿಗೆ ಹೊಡೆದವನು. ಅವಳಿಗೆ ಗರ್ಭಪಾತವಾಗಿದೆ. ಈಗ ಹೆಂಡತಿ ಆನಾ, ಮಗಳು ತಮಾರಾ ಇಬ್ಬರೂ ಮನೆ ಬಿಟ್ಟು ಹೋಗಿದ್ದಾರೆ. ನಾವು ಆಡಿಸುವ ವಿಚರ್ ಗೆರಾಲ್ಟ್‌ಗೆ ಬೇಕಾದ್ದು ಅವನ ಸಾಕುಮಗಳು ಸಿರಿ ಎಲ್ಲಿದ್ದಾಳೆ ಎಂಬ ಸುದ್ದಿ, ಅದು ಇರುವುದು ಬ್ಯಾರನ್ ಹತ್ತಿರ. ಹಾಗಾಗಿ ಅವನ ಹೆಂಡತಿ ಮಕ್ಕಳನ್ನು ಹುಡುಕಿಕೊಡುವ ಕೆಲಸ ನಮ್ಮ ಹೆಗಲಿಗೆ ಬೀಳುತ್ತದೆ. ಹುಡುಕುತ್ತ ಹೋದರೆ ಆನಾ ಜೌಗು ಕಾಡಿನಲ್ಲಿ ಮೂವರು ಮುದಿ ಮಾಟಗಾತಿಯರ ಕೈಯಲ್ಲಿ ಸಿಕ್ಕಿಬಿದ್ದು ಅನಾಥ ಮಕ್ಕಳನ್ನು ನೋಡಿಕೊಳ್ಳುತ್ತಿರುತ್ತಾಳೆ. ಅದೇ ಸಮಯಕ್ಕೆ ಬೇರೆ ಕಡೆ, ಗುಡ್ಡದ ಮರದ ಬುಡದಲ್ಲಿ ಬಂಧಿಯಾದ ಒಂದು ಆತ್ಮ ನಿಮ್ಮ ಜೊತೆ ಮಾತಾಡುತ್ತದೆ. ‘ನನ್ನನ್ನು ಬಿಡಿಸು, ಆ ಮಕ್ಕಳನ್ನು ಕಾಪಾಡುತ್ತೇನೆ’ ಎನ್ನುತ್ತದೆ. ನಂಬಬೇಕೋ ಬೇಡವೋ ಹೇಳಲು ಅಲ್ಲಿ ಯಾರೂ ಇಲ್ಲ.

ಮಾಟಗಾತಿಯರನ್ನು ನೋಡಿದ ಮೇಲೆ ಆತ್ಮವನ್ನು ಬಿಡಿಸಿದರೆ ಮಕ್ಕಳು ಉಳಿಯುತ್ತಾರೆ. ಆದರೆ ಡೌನ್‌ವಾರೆನ್ ಎಂಬ ಹಳ್ಳಿಯ ಜನರ ಮಾರಣಹೋಮ ಆಗುತ್ತದೆ. ಮಕ್ಕಳನ್ನು ಕಳೆದುಕೊಂಡ ಸಿಟ್ಟನ್ನು ಮಾಟಗಾತಿಯರು ಆನಾ ಮೇಲೆ ತೀರಿಸಿಕೊಳ್ಳುತ್ತಾರೆ. ಅವಳು ಸಾಯುತ್ತಾಳೆ, ಬ್ಯಾರನ್ ನೇಣು ಹಾಕಿಕೊಳ್ಳುತ್ತಾನೆ. ಆತ್ಮವನ್ನು ಕೊಂದರೆ ಮಕ್ಕಳು ಹೋಗುತ್ತಾರೆ, ಆನಾಗೆ ಬುದ್ಧಿಭ್ರಮಣೆ, ಬ್ಯಾರನ್ ಅವಳನ್ನು ಕರೆದುಕೊಂಡು ಬ್ಲೂ ಮೌಂಟನ್ಸ್ ಕಡೆ ವೈದ್ಯರನ್ನು ಹುಡುಕಿ ಹೊರಡುತ್ತಾನೆ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅಕ್ಷರಶಃ ಅದೇ.

ಎರಡನೇ ಸಲ ಆಡುವಾಗ ಇಂಥ ಕಡೆ ಏನಾಗಬೇಕು? ಉತ್ತರ ಗೊತ್ತಿರುವುದರಿಂದ ಸುಲಭವಾಗಬೇಕು ಅಲ್ವಾ? ಆಗುವುದಿಲ್ಲ. ಮೊದಲ ಸಲ ಏನೂ ಗೊತ್ತಿಲ್ಲದೆ ಆರಿಸಿದ್ದೆವು ಎಂಬ ಸಮಾಧಾನವಾದರೂ ಇತ್ತು. ಎರಡನೇ ಸಲ ಯಾರು ಸಾಯುತ್ತಾರೆ ಎಂದು ಗೊತ್ತಿದ್ದೇ ಆರಿಸಬೇಕು. ನಾನು ಹೆಚ್ಚಾಗಿ ಮಕ್ಕಳ ಪರ ನಿಲ್ಲುತ್ತೇನೆ. ಒಮ್ಮೆ ಬ್ಯಾರನ್‌ನನ್ನು ಉಳಿಸಲು ಬೇಕೆಂದೇ ಇನ್ನೊಂದು ದಾರಿ ಹಿಡಿದೆ. ಅವನು ಹೆಂಡತಿಯನ್ನು ಕರೆದುಕೊಂಡು ಹೊರಟಾಗ ಸಂಕಟವೂ ಆಯಿತು, ಸಿಟ್ಟೂ ಬಂತು. ಹೆಂಡತಿಗೆ ಹೊಡೆದವನಿಗೆ ಪ್ರಾಯಶ್ಚಿತ್ತದ ಅವಕಾಶ ಕೊಡಲು ಅನಾಥ ಮಕ್ಕಳನ್ನು ಬಲಿ ಕೊಟ್ಟೆನಲ್ಲ ಎಂಬ ಸಿಟ್ಟು. ಹೊಸ ದೃಶ್ಯ ಅಂತ ನೋಡಿದರೆ ಕೆಲವೇ ನಿಮಿಷ. ಆದರೆ ಹಿಂದೆ ನೋಡಿದ್ದ ದೃಶ್ಯಗಳೆಲ್ಲ ಬೇರೆಯಾಗಿ ಕಾಣತೊಡಗಿದವು. ಬ್ಯಾರನ್ ಮೊದಲ ಭೇಟಿಯಲ್ಲೇ ಆಡುವ ಅರ್ಧ ಸುಳ್ಳುಗಳನ್ನು ಈಗ ಗುರುತಿಸಬಹುದು. ಬರೆದವರು ಎಷ್ಟು ಮುಂಚಿನಿಂದ ಸುಳಿವು ಬಿಟ್ಟಿದ್ದಾರೆ ಎಂಬುದು ಆಗಲೇ ಗೊತ್ತಾಗುವುದು.

ಇದು ಸಾಧ್ಯವಾದದ್ದು ಗೇಮ್‌ನಲ್ಲಿ ಒಳ್ಳೆಯತನ ಅಳೆಯುವ ಮೀಟರ್ ಇಲ್ಲದ್ದರಿಂದ. 2007ರಲ್ಲಿ ಶುರುವಾದ ಮಾಸ್ ಎಫೆಕ್ಟ್ ಸರಣಿ ನನಗೆ ಇಷ್ಟ. ಮೂರು ಗೇಮ್‌ಗಳ ಉದ್ದಕ್ಕೂ ಒಂದೇ ಸೇವ್ ಫೈಲ್ ಒಯ್ಯುವ ಖುಷಿ ಬೇರೆಲ್ಲೂ ಸಿಕ್ಕಿಲ್ಲ. ಆದರೆ ಅಲ್ಲಿ ಒಳ್ಳೆಯತನದ ಪ್ಯಾರಗಾನ್ ಆಯ್ಕೆ ನೀಲಿ, ಒರಟುತನದ ರೆನಗೇಡ್ ಆಯ್ಕೆ ಕೆಂಪು. ಸ್ವಲ್ಪ ಹೊತ್ತಿಗೇ ಮನಸ್ಸು ಮಾತುಗಳನ್ನು ಓದುವುದು ಬಿಟ್ಟು ಬಣ್ಣ ನೋಡತೊಡಗುತ್ತದೆ. ‘ಈ ಸಲ ಪೂರ್ತಿ ಕೆಂಪು’ ಎಂದು ತೀರ್ಮಾನಿಸಿ ಶುರು ಮಾಡಿದರೆ ಮುಂದಿನ ಮೂವತ್ತು ಗಂಟೆಯ ಆಯ್ಕೆಗಳೆಲ್ಲ ಅಲ್ಲೇ ಮುಗಿದುಹೋದ ಹಾಗೆ.

ಸಿರಿಯ ಎಂಡಿಂಗ್‌ಗಳನ್ನು ನಿರ್ಧರಿಸುವ ಕ್ರಮ ನನಗೆ ಇನ್ನೂ ಜಾಸ್ತಿ ಇಷ್ಟ. ಅವಳು ವಿಚರ್ ಆಗುತ್ತಾಳೋ, ಮಹಾರಾಣಿಯೋ, ತಿರುಗಿ ಬರುವುದೇ ಇಲ್ಲವೋ ಎನ್ನುವುದು ಕೊನೆಯ ಯುದ್ಧದಲ್ಲಿ ನಿರ್ಧಾರವಾಗುವುದಿಲ್ಲ. ಅದಕ್ಕೂ ಮುಂಚಿನ ಕೆಲವು ಸಣ್ಣ ಮಾತುಕತೆಗಳಲ್ಲಿ ಆಗುತ್ತದೆ. ಗೆರಾಲ್ಟ್‌ನ ಗುರು ವೆಸೆಮಿರ್ ಸತ್ತ ಮೇಲೆ ಕುಗ್ಗಿ ಕೂತ ಅವಳಿಗೆ ‘ಎಲ್ಲದರಲ್ಲೂ ಗೆಲ್ಲಬೇಕಿಲ್ಲ’ ಎಂದು ಕುಡಿಯಲು ಕರೆಯುತ್ತೀರೋ, ಹಿಮದ ಉಂಡೆ ಎಸೆದಾಡಲು ಕರೆಯುತ್ತೀರೋ? ಲಾಡ್ಜ್ ಎಂಬ ಮಾಂತ್ರಿಕ ಹೆಂಗಸರ ಸಂಘ ಅವಳನ್ನು ಮಾತಿಗೆ ಕರೆದಾಗ ಜೊತೆಗೆ ಹೋಗುತ್ತೀರೋ, ಒಬ್ಬಳೇ ಹೋಗಲಿ ಎನ್ನುತ್ತೀರೋ? ಸಿಟ್ಟು ಬಂದು ತನಗೆ ಕಲಿಸುವ ಎಲ್ಫ್ ಅವಾಲ್ಲಾಕ್‌ನ ಪ್ರಯೋಗಶಾಲೆ ಒಡೆಯಬೇಕು ಎಂದಾಗ ತಡೆಯುತ್ತೀರೋ? ತನಗೆ ನೆರವಾಗಿ ಜೀವ ಕಳೆದುಕೊಂಡ ಸ್ಕ್ಯಾಲ್‌ನ ಸಮಾಧಿಗೆ ಹೋಗೋಣ ಎಂದರೆ ಸಮಯವಿಲ್ಲ ಎನ್ನುತ್ತೀರೋ? ಆಡುವಾಗ ಇವು ದೊಡ್ಡ ತಿರುವುಗಳು ಅನಿಸುವುದೇ ಇಲ್ಲ. ಹೆಚ್ಚಿನ ಕಡೆ ಅವಳನ್ನು ಚಿಕ್ಕ ಮಗುವಿನ ಹಾಗೆ ನಡೆಸಿಕೊಂಡರೆ ಅವಳು ಉಳಿಯುವುದಿಲ್ಲ. ತಂದೆ ತಾಯಿ ಮಕ್ಕಳ ಒಳ್ಳೆಯದಕ್ಕೇ ಎಂದು ಮಾಡುವ ಕೆಲಸಗಳೇ ಇಲ್ಲಿ ಮುಳುವಾಗುತ್ತವೆ.

ಹದಿಹರೆಯದ ಮಕ್ಕಳಿರುವವರು ಈ ಭಾಗ ಆಡಿದರೆ ನನಗಿಂತ ಹೆಚ್ಚು ಅಲುಗಾಡುತ್ತಾರೆ. ನಾಲ್ಕು ಮಾತಿನ ಮೇಲೆ ಇಡೀ ಕಥೆ ನಿಲ್ಲಿಸುವುದು ಅನ್ಯಾಯ ಎಂದು ದೂರುವವರೂ ಇದ್ದಾರೆ. ಅವರ ಮಾತನ್ನು ಒಪ್ಪುವುದು ನನಗೆ ಕಷ್ಟ. ಸಂಬಂಧಗಳು ಕೆಡುವುದೂ ಕೂಡುವುದೂ ಹೀಗೇ ಅಲ್ಲವೇ, ‘ಇದು ಮುಖ್ಯವಾದ ಕ್ಷಣ’ ಎಂದು ಯಾರೂ ಮೊದಲೇ ಹೇಳುವುದಿಲ್ಲ.

ಗೆರಾಲ್ಟ್ ಬಗ್ಗೆ ಒಂದು ಮಾತು. ಬಾಲ್ಡರ್ಸ್ ಗೇಟ್ 3 ಅಥವಾ ಡಿಸ್ಕೋ ಎಲಿಸಿಯಂ ಆಡಿದವರಿಗೆ ವಿಚರ್ 3 ಇಕ್ಕಟ್ಟು ಅನಿಸಬಹುದು. ಇಲ್ಲಿ ನೀವು ಬೇಕಾದವರಾಗಲು ಆಗುವುದಿಲ್ಲ. ವಯಸ್ಸಾದ, ಮಾತು ಕಡಿಮೆಯ, ರಾಕ್ಷಸರನ್ನು ಕೊಂದು ಹೊಟ್ಟೆ ಹೊರೆಯುವ ಒಬ್ಬ ಗಂಡಸು, ಅಷ್ಟೇ. ಅವನನ್ನು ಪೂರ್ತಿ ದುಷ್ಟನನ್ನಾಗಿ ಮಾಡಲು ದಾರಿಯಿಲ್ಲ. ನಾನು ಇದನ್ನು ಕೊರತೆ ಎನ್ನುವುದಿಲ್ಲ. ಆಯ್ಕೆಗಳು ಮೂರಿರಲಿ ನಾಲ್ಕಿರಲಿ, ಪ್ರತಿಯೊಂದೂ ಈ ಮನುಷ್ಯ ನಿಜವಾಗಿ ಮಾಡಬಹುದಾದದ್ದೇ. ಹಾಗಾಗಿ ಯಾವುದನ್ನು ಆರಿಸಿದರೂ ಕಥೆ ಸುಳ್ಳು ಅನಿಸುವುದಿಲ್ಲ.

ಆದರೆ ಹೊಸ ದೃಶ್ಯ, ಹೊಸ ಜಾಗ ನೋಡಲೆಂದೇ ಎರಡನೇ ಸಲ ಆಡುವವರಿಗೆ 2011ರ ವಿಚರ್ 2 ಹೆಚ್ಚು ಕೊಡುತ್ತದೆ ಎಂದು ಒಪ್ಪಲೇಬೇಕು. ಅಲ್ಲಿ ಬಂಡುಕೋರ ಯೋರ್ವೆತ್ ಜೊತೆ ಹೋದರೆ ಒಂದು ಎರಡನೇ ಅಂಕ, ಸೇನಾಧಿಕಾರಿ ರೋಶ್ ಜೊತೆ ಹೋದರೆ ಬೇರೆಯೇ ಎರಡನೇ ಅಂಕ. ಊರೇ ಬೇರೆ, ಜನರೇ ಬೇರೆ. ಅಷ್ಟು ಧೈರ್ಯ ಮೂರನೆಯದರಲ್ಲಿ ಇಲ್ಲ.

ಬರವಣಿಗೆ ಸೋತಿರುವ ಜಾಗವೂ ಇದೆ. ‘ರೀಸನ್ ಆಫ್ ಸ್ಟೇಟ್’ ಎಂಬ ಸೈಡ್ ಕ್ವೆಸ್ಟ್‌ನಲ್ಲಿ (ಮುಖ್ಯ ಕಥೆಯ ಪಕ್ಕದ ಅಡ್ಡಕಥೆ) ನಿಲ್ಫ್‌ಗಾರ್ಡ್ ವಿರುದ್ಧ ಹೋರಾಡುವ ರಾಜ ರಾಡೊವಿಡ್‌ನನ್ನು ಕೊಲ್ಲಿಸುವ ಸಂಚು ನಡೆಯುತ್ತದೆ. ಉತ್ತರದ ರಾಜ್ಯಗಳ ಹಣೆಬರಹ ನಿಂತಿರುವುದು ಇದರ ಮೇಲೆ. ಸಿರಿ ನಿಲ್ಫ್‌ಗಾರ್ಡ್‌ನ ಮಹಾರಾಣಿ ಆಗಬೇಕಾದರೂ ಆ ಸಾಮ್ರಾಜ್ಯ ಗೆಲ್ಲಲೇಬೇಕು, ಅಂದರೆ ಇದನ್ನು ಸರಿಯಾಗಿ ಮುಗಿಸಬೇಕು. ಇಷ್ಟು ಮುಖ್ಯವಾದ ಕ್ವೆಸ್ಟ್‌ನ ಕೊನೆಯಲ್ಲಿ ಡೈಕ್‌ಸ್ಟ್ರಾ ಗೆರಾಲ್ಟ್ ಎದುರೇ ರೋಶ್ ಮತ್ತು ವೆಸ್‌ರನ್ನು ಕೊಲ್ಲಲು ಹೊರಡುತ್ತಾನೆ. ಪಕ್ಕಕ್ಕೆ ಸರಿ ಎಂದು ಗೆರಾಲ್ಟ್‌ಗೆ ಹೇಳುತ್ತಾನೆ. ಆಟದ ಉದ್ದಕ್ಕೂ ಎಲ್ಲರಿಗಿಂತ ಚಾಣಾಕ್ಷ ಎಂದು ತೋರಿಸಿದ ಗೂಢಚಾರ ಹೀಗೆ ಮಾಡುತ್ತಾನೆಯೇ? ಗೆಳೆಯರನ್ನು ಬಿಟ್ಟು ನಡೆಯುವುದು ಗೆರಾಲ್ಟ್ ಸ್ವಭಾವವೂ ಅಲ್ಲ. ಎಷ್ಟು ಸಲ ಆಡಿದರೂ ನಾನು ಕತ್ತಿ ತೆಗೆದೇ ತೆಗೆಯುತ್ತೇನೆ. ಕಾಗದದ ಮೇಲೆ ಎರಡು ದಾರಿ ಇವೆ, ಮನಸ್ಸು ಒಪ್ಪುವುದು ಒಂದನ್ನೇ. ಅದೂ ಅಲ್ಲದೆ ಅದಕ್ಕೂ ಮುಂಚೆ ಒಂದು ಕಡೆ ಡೈಕ್‌ಸ್ಟ್ರಾನನ್ನು ಜೋರಾಗಿ ತಳ್ಳುವ ಆಯ್ಕೆ ಒತ್ತಿದರೆ ಅವನ ಕಾಲು ಮುರಿದು ಈ ಕ್ವೆಸ್ಟ್ ಪೂರ್ತಿ ಮುಚ್ಚಿಹೋಗುತ್ತದೆ. ಸಿರಿಯ ಮಾತುಕತೆಗಳಲ್ಲಿ ಸುಳಿವು ಕೊಡದಿರುವುದಕ್ಕೆ ಒಂದು ಅರ್ಥವಿದೆ. ಇಲ್ಲಿ ಅದೂ ಕಾಣುವುದಿಲ್ಲ.

ಮತ್ತೆ ಆಡುವಾಗ ಬೇಸರ ತರಿಸುವ ಭಾಗ ನೊವಿಗ್ರಾಡ್ ನಗರ. ಗೆರಾಲ್ಟ್‌ನ ಗೆಳೆಯ ಡ್ಯಾಂಡಿಲಿಯನ್‌ನನ್ನು ಹುಡುಕುತ್ತ ಬೀದಿ ಬೀದಿ ಅಲೆಯುವುದು ಮೊದಲ ಸಲ ಚೆನ್ನ, ಆಮೇಲೆ ಉದ್ದ ಅನಿಸುತ್ತದೆ. ಕೆಂಪು ಹೆಜ್ಜೆಗುರುತು ಹಿಡಿದು ನಡೆಯುವ ತನಿಖೆಗಳೂ ಅಷ್ಟೇ. ಮಾಂತ್ರಿಕರಾದ ಟ್ರಿಸ್, ಯೆನ್ನೆಫರ್ ಇಬ್ಬರಿಗೂ ಪ್ರೀತಿ ಹೇಳಿದರೆ ಇಬ್ಬರೂ ಸೇರಿ ಗೆರಾಲ್ಟ್‌ನನ್ನು ಮಂಚಕ್ಕೆ ಕಟ್ಟಿ ಹೋಗುವ ದೃಶ್ಯ ಮಾತ್ರ ಒಮ್ಮೆ ನೋಡಲೇಬೇಕು!

ಎರಡು ದೊಡ್ಡ ಡಿಎಲ್‌ಸಿಗಳಲ್ಲಿ (ಆಮೇಲೆ ಸೇರಿಸಿದ ಹೆಚ್ಚುವರಿ ಕಥೆಗಳು) 2015ರ ಅಕ್ಟೋಬರ್‌ನ ಹಾರ್ಟ್ಸ್ ಆಫ್ ಸ್ಟೋನ್ ಚಿಕ್ಕದು, ಬಿಗಿ. ಸೈತಾನನಂಥ ಗಾಂಟರ್ ಓ'ಡಿಮ್ ಎದುರು, ಅವನ ಜೊತೆ ಒಪ್ಪಂದ ಮಾಡಿಕೊಂಡು ಸಿಕ್ಕಿಬಿದ್ದ ಓಲ್ಗಿಯರ್ಡ್ ಪರ ನಿಲ್ಲಬೇಕೋ ಬೇಡವೋ ಎನ್ನುವುದು ಇಡೀ ಗೇಮ್‌ನಲ್ಲಿ ನನಗೆ ಅತ್ಯಂತ ಕಷ್ಟದ ಆಯ್ಕೆ. 2016ರ ಮೇ ತಿಂಗಳಲ್ಲಿ ಬಂದ ಬ್ಲಡ್ ಅಂಡ್ ವೈನ್ ಒಂದು ಪೂರ್ತಿ ಗೇಮ್‌ನಷ್ಟು ದೊಡ್ಡದು. ಅದರ ಒಂದು ದಾರಿಯಲ್ಲಿ ಕಟ್ಟುಕಥೆಗಳ ಲೋಕ ಎಂಬ ಜಾಗವೇ ಇದೆ. ಇನ್ನೊಂದು ದಾರಿ ಹಿಡಿದವರು ಅದನ್ನು ನೋಡುವುದೇ ಇಲ್ಲ. ಆ ಲೋಕದಲ್ಲಿ ಒಂದು ರಿಬ್ಬನ್ ಪಡೆದಿರುವುದು ಆಮೇಲೆ ಒಬ್ಬರ ಜೀವ ಉಳಿಸುತ್ತದೆ. ಹೊಸ ಜಾಗ, ಹೊಸ ಪರಿಣಾಮ ಎರಡನ್ನೂ ಒಟ್ಟಿಗೆ ಕೊಡುವ ಕಲೆ ಅವರಿಗೆ ಆ ಹೊತ್ತಿಗೆ ಕೈವಶವಾಗಿತ್ತು.

2022ರ ಡಿಸೆಂಬರ್ 14ರಂದು ಬಂದ ಉಚಿತ ಅಪ್‌ಡೇಟ್ ನಂತರ ಗ್ರಾಫಿಕ್ಸ್ ತುಂಬ ಸುಧಾರಿಸಿದೆ, ಕ್ಯಾಮೆರಾ ಹತ್ತಿರ ತರುವ ಆಯ್ಕೆಯೂ ಇದೆ. ಕಂಪ್ಯೂಟರ್ ಹಳೆಯದಾದರೆ ಶುರುವಿನಲ್ಲೇ ಡೈರೆಕ್ಟ್‌ಎಕ್ಸ್ 11 ಆರಿಸಿಕೊಳ್ಳಿ, ಹಗುರವಾಗಿ ಓಡುತ್ತದೆ. ಕನ್ನಡ ಸಬ್‌ಟೈಟಲ್ ಇಲ್ಲ. ಇಂಗ್ಲಿಷ್ ಅಕ್ಷರಗಳನ್ನು ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡಿಕೊಂಡು ಆಡಿ, ಮಾತು ತಪ್ಪಿಸಿಕೊಂಡರೆ ಗೇಮ್‌ನ ಅರ್ಧ ತಪ್ಪಿದ ಹಾಗೆ. ಮುಖ್ಯ ಕಥೆಗೇ ಐವತ್ತು ಗಂಟೆ ಹತ್ತಿರ ಬೇಕು, ಎಲ್ಲ ಸೇರಿದರೆ ನೂರು ದಾಟುತ್ತದೆ. ಅಷ್ಟು ಸಮಯ ಇಲ್ಲದವರಿಗೆ, ಕಥೆಗಿಂತ ಹೊಡೆದಾಟ ಮುಖ್ಯ ಎನ್ನುವವರಿಗೆ ಇದು ಬೇಡ. ಉಳಿದವರು ಡಿಎಲ್‌ಸಿ ಸೇರಿದ ಕಂಪ್ಲೀಟ್ ಎಡಿಷನ್ ಅನ್ನೇ ಕೊಳ್ಳಿ. ಸ್ಟೀಮ್ ಸೇಲ್ ಬಂದಾಗ ಬೆಲೆ ಬಹಳ ಇಳಿಯುತ್ತದೆ.

ಮೊದಲ ಸಲ ಯಾವ ಗೈಡ್ ಕೂಡ ಓದಬೇಡಿ, ಆಯ್ಕೆ ಇಷ್ಟವಾಗದಿದ್ದರೆ ಹಳೆಯ ಸೇವ್‌ಗೆ ಓಡಬೇಡಿ. ಓಡಿದರೂ ಉಪಯೋಗ ಕಡಿಮೆ, ಫಲ ಕಾಣುವ ಹೊತ್ತಿಗೆ ಅಷ್ಟು ದೂರ ಬಂದಿರುತ್ತೀರಿ. ಮುಗಿದ ಮೇಲೆ ಒಂದು ವರ್ಷವಾದರೂ ಬಿಟ್ಟು ಮತ್ತೆ ಶುರು ಮಾಡಿ. ಮುಗಿಸಿದ ಆಟವನ್ನೇ ಮತ್ತೆ ಶುರು ಮಾಡುವ ನ್ಯೂ ಗೇಮ್ ಪ್ಲಸ್‌ನಲ್ಲಿ ಹಳೆಯ ಕತ್ತಿ, ಕವಚ, ಲೆವೆಲ್ ಎಲ್ಲ ಜೊತೆಗೆ ಬರುತ್ತವೆ, ಆಟದೊಳಗಿನ ಇಸ್ಪೀಟಿನಂಥ ಆಟ ಗ್ವೆಂಟ್‌ನ ಕಾರ್ಡುಗಳು ಮಾತ್ರ ಬರುವುದಿಲ್ಲ. ನಿಮ್ಮ ಸಿರಿ ಏನಾದಳು ಎಂಬುದನ್ನು ನೆನಪಿಟ್ಟುಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಘೋಷಿಸಿದ ವಿಚರ್ 4ರಲ್ಲಿ ಅವಳೇ ನಾಯಕಿ, ವಿಚರ್ ಆಗಿಯೇ ಬರುತ್ತಾಳೆ. ನನಗೆ ಮಹಾರಾಣಿ ಎಂಡಿಂಗ್ ಬಹಳ ಪ್ರಿಯ. ಸಿಂಹಾಸನ ಏರಿದ ಸಿರಿ ಮತ್ತೆ ಕತ್ತಿ ಹಿಡಿದು ದಾರಿಗಿಳಿದದ್ದು ಹೇಗೆ ಎಂದು ಹೊಸ ಗೇಮ್ ಒಂದು ಮಾತಿನಲ್ಲಾದರೂ ಹೇಳಲಿ ಎಂದು ಕಾಯುತ್ತಿದ್ದೇನೆ.