ಎರಡೂ ಡಬ್ಬಿಂಗೇ: ಇಟಲಿಯ ಐದು ಸಿನಿಮಾ, ಎರಡೆರಡು ಸಲ

ಕಳೆದ ಮಳೆಗಾಲದಲ್ಲಿ ನನಗೂ ನನ್ನ ಬಾಮೈದನಿಗೂ ಹತ್ತಿಕೊಂಡ ಜಗಳ ಇದು. ಇಟಲಿಯ ಹಳೇ ಪೊಲೀಸ್ ಸಿನಿಮಾವೊಂದರ ಡಿಸ್ಕ್ ಹಾಕಿದ್ದೆ. ಮೆನುವಿನಲ್ಲಿ ಎರಡು ಆಡಿಯೊ: ಇಟಾಲಿಯನ್, ಇಂಗ್ಲಿಷ್. ಹಿಂದೆಮುಂದೆ ನೋಡದೆ ಇಟಾಲಿಯನ್ ಒತ್ತಿದೆ. "ಭಾವ, ನಾವೀಗ ನೋಡೋದಾ, ಓದೋದಾ?" ಅಂದ. "ಮೂಲ ಭಾಷೆ ಕಣೋ, ಸುಮ್ನೆ ನೋಡು" ಅಂದೆ. ಹತ್ತು ನಿಮಿಷ ಆಗಿರಲಿಲ್ಲ, ಟಿವಿ ಕಡೆ ಕೈ ಮಾಡಿದ. "ಇದರಲ್ಲೂ ತುಟಿ ಒಂದು ಕಡೆ, ಮಾತು ಒಂದು ಕಡೆ. ಎಲ್ಲಿದೆ ಭಾವ ನಿಮ್ಮ ಮೂಲ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. 1960–70ರ ದಶಕದ ಇಟಲಿಯ ಜನಪ್ರಿಯ ಸಿನಿಮಾಗಳಲ್ಲಿ ನಾವು ಅಂದುಕೊಳ್ಳುವಂಥ ಮೂಲ ದನಿ ಅನ್ನುವುದೇ ಇಲ್ಲ. ಚಿತ್ರೀಕರಣದ ಹೊತ್ತಿಗೆ ಧ್ವನಿಗೆ ಬೆಲೆ ಇರಲಿಲ್ಲ; ಮಾತು, ಹೆಜ್ಜೆಸಪ್ಪಳ, ಗುಂಡಿನ ಸದ್ದು ಎಲ್ಲ ಆಮೇಲೆ ರೋಮಿನ ಸ್ಟುಡಿಯೊಗಳಲ್ಲಿ ಸೇರುತ್ತಿತ್ತು. ದುಡ್ಡು ಇಟಲಿ, ಸ್ಪೇನ್, ಜರ್ಮನಿ, ಫ್ರಾನ್ಸ್ ಹೀಗೆ ಎರಡು ಮೂರು ದೇಶಗಳದ್ದು, ನಟರೂ ಹಾಗೆಯೇ. ಒಬ್ಬ ಇಂಗ್ಲಿಷಿನಲ್ಲಿ ಕೇಳಿದರೆ ಇನ್ನೊಬ್ಬ ಇಟಾಲಿಯನ್‌ನಲ್ಲಿ ಉತ್ತರ ಹೇಳುತ್ತಿದ್ದ. ಮುಸೊಲಿನಿ ಕಾಲದಲ್ಲಿ ಪರದೇಶದ ಮಾತು ತೆರೆಯ ಮೇಲೆ ಕೇಳಿಸಬಾರದೆಂಬ ಕಟ್ಟಳೆ ಬಂದಾಗಿನಿಂದ ಅಲ್ಲಿ ಕಂಠದಾನ ದೊಡ್ಡ ಉದ್ಯೋಗವಾಗಿ ಬೆಳೆದಿತ್ತು. ಹಾಗಾಗಿ ಇಟಾಲಿಯನ್ ಆವೃತ್ತಿಯೂ ಡಬ್ಬಿಂಗು, ಇಂಗ್ಲಿಷ್ ಆವೃತ್ತಿಯೂ ಡಬ್ಬಿಂಗು.

ಕನ್ನಡದವನಾದ ನನಗೆ ಇದನ್ನು ಜೀರ್ಣಿಸಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬರುವವರೆಗೆ ದಶಕಗಳ ಕಾಲ ಡಬ್ಬಿಂಗ್ ಸಿನಿಮಾವನ್ನು ಊರೊಳಕ್ಕೇ ಬಿಟ್ಟುಕೊಳ್ಳದ ನಾಡು ನಮ್ಮದು. ಡಬ್ಬಿಂಗ್ ಅಂದರೆ ನಕಲಿ ಎಂದು ಕೇಳಿಕೊಂಡೇ ಬೆಳೆದವನು ನಾನು. ಇಲ್ಲಿ ನೋಡಿದರೆ ಎರಡು ನಕಲಿಗಳಲ್ಲಿ ಒಂದನ್ನು ಆರಿಸಬೇಕು. ಕೊನೆಗೆ ಒಪ್ಪಂದಕ್ಕೆ ಬಂದೆವು: ವೆಸ್ಟರ್ನ್ ಅನ್ನುವ ಕೌಬಾಯ್ ಸಿನಿಮಾಗಳ ಸೆರ್ಜಿಯೊ ಲಿಯೋನ್‌ನಂಥ ದೊಡ್ಡ ಹೆಸರು ಬೇಡ, ಅವನ ನೆರಳಲ್ಲಿ ಉಳಿದವರ ಐದು ಸಿನಿಮಾ, ಒಂದೊಂದನ್ನೂ ಎರಡು ಸಲ.

ಮೊದಲ ಸುತ್ತು ಉಂಬೆರ್ತೊ ಲೆನ್ಜಿಯ 'ರೋಮಾ ಆ ಮಾನೊ ಅರ್ಮಾತಾ' (1976). ಇಟಲಿಯ ಗಲ್ಲಿಗಳಲ್ಲಿ ಬಾಂಬು, ಅಪಹರಣ, ಬ್ಯಾಂಕ್ ದರೋಡೆ ದಿನದ ಸುದ್ದಿಯಾಗಿದ್ದ ಕಾಲ ಅದು. ಆ ಸಿಟ್ಟು, ಭಯವನ್ನೇ ಬಂಡವಾಳ ಮಾಡಿಕೊಂಡು ಪೊಲೀಸ್ ಸಿನಿಮಾಗಳ ಸಾಲೇ ಹುಟ್ಟಿತು. ಕಾನೂನಿನ ಪುಸ್ತಕ ಮೂಲೆಗೆಸೆದು ಕೈಯನ್ನೇ ಮಾತಾಡಿಸುವ ಅಧಿಕಾರಿಯಾಗಿ ಮೌರಿಜಿಯೊ ಮೆರ್ಲಿ, ಎದುರಿಗೆ ಗೂನುಬೆನ್ನಿನ ಖಳನಾಗಿ ತೋಮಸ್ ಮಿಲಿಯಾನ್. ಮಿಲಿಯಾನ್ ಹುಟ್ಟಿದ್ದು ಕ್ಯೂಬಾದಲ್ಲಿ. ಇಟಾಲಿಯನ್‌ನಲ್ಲಿ ಅವನಿಗೆ ಕಂಠ ಕೊಟ್ಟವನು ಫೆರುಚ್ಚೊ ಅಮೆಂದೊಲಾ. ಇಟಲಿಯ ಪ್ರೇಕ್ಷಕರಿಗೆ ಹಾಲಿವುಡ್‌ನ ಡಿ ನೀರೊ, ಪಚಿನೊ ಇಬ್ಬರ ದನಿಯೂ ಅವನದೇ. ಆ ಗಂಟಲಿನಿಂದ ಹೊರಡುವ ರೋಮಿನ ಬೀದಿಮಾತಿಗೆ ನಂಜೂ ಇದೆ, ನಗೆಯೂ ಇದೆ. ನನಗೆ ಇಟಾಲಿಯನ್ ಬರುವುದಿಲ್ಲ, ಆದರೂ ಕಿವಿಗೆ ತಟ್ಟುತ್ತದೆ. ಇಂಗ್ಲಿಷಿಗೆ ಬದಲಿಸಿದ ಕೂಡಲೇ ಗೂನುಬೆನ್ನಿನವನು ಯಾವ ಸಿನಿಮಾದಲ್ಲಾದರೂ ಸಿಗುವ ಪುಡಿರೌಡಿಯಾಗಿಬಿಟ್ಟ. ಮಂಡ್ಯದ ಮಾತನ್ನು ವಾರ್ತಾವಾಚಕರ ಬಾಯಿಗೆ ಹಾಕಿದ ಹಾಗೆ. ಬಾಮೈದನೂ ತಕರಾರೆತ್ತಲಿಲ್ಲ.

ಎರಡನೆಯದರಲ್ಲಿ ನಾನು ಸೋತೆ. ಮಾಸ್ಸಿಮೊ ದಾಲ್ಲಮಾನೊನ 'ವಾಟ್ ಹ್ಯಾವ್ ಯೂ ಡನ್ ಟು ಸೊಲಾಂಜ್?' (1972). ಈತ ಲಿಯೋನ್‌ನ ಡಾಲರ್ ಸರಣಿಯ ಮೊದಲ ಎರಡು ವೆಸ್ಟರ್ನ್‌ಗಳ ಛಾಯಾಗ್ರಾಹಕ. ನಿರ್ದೇಶಕನಾಗಿ ಅವನ ಹೆಸರು ಹೇಳುವವರು ಕಡಿಮೆ. 1976ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಸಿನಿಮಾ ಜಾಲ್ಲೊ ಜಾತಿಯದು, ಅಂದರೆ ಕೊಲೆ-ಪತ್ತೇದಾರಿಯ ನಿಗೂಢ ಕತೆ. ಆ ಪದದ ಅರ್ಥ ಹಳದಿ; ಮೊಂದಾದೊರಿ ಪ್ರಕಾಶನ 1929ರಿಂದ ಹಳದಿ ರಕ್ಷಾಪುಟದಲ್ಲಿ ತಂದ ಪತ್ತೇದಾರಿ ಕಾದಂಬರಿಗಳಿಂದ ಬಂದ ಹೆಸರು. ಕತೆ ನಡೆಯುವುದು ಲಂಡನ್ನಿನ ಹೆಣ್ಣುಮಕ್ಕಳ ಕ್ಯಾಥೊಲಿಕ್ ಶಾಲೆಯಲ್ಲಿ. ಲಂಡನ್ ಪೊಲೀಸರು, ಲಂಡನ್ ಹುಡುಗಿಯರು, ಪಾದ್ರಿ ಎಲ್ಲರೂ ಇಟಾಲಿಯನ್ ಆಡತೊಡಗಿದರೆ, ಶಾಲೆಯಲ್ಲಿ ಒಬ್ಬನೇ ಇಟಾಲಿಯನ್ ಆಗಿರುವ ಮೇಷ್ಟ್ರು ಪರಕೀಯ ಅನ್ನಿಸುವುದೇ ಇಲ್ಲ. ಇಂಗ್ಲಿಷಿನಲ್ಲಿ ಅನ್ನಿಸುತ್ತದೆ. ಹಲವು ಕಡೆ ತುಟಿಯೂ ಇಂಗ್ಲಿಷಿಗೇ ಕೂಡುತ್ತದೆ. ಕಣ್ಣು ಅಕ್ಷರದ ಮೇಲಿಂದ ಬಿಡುವು ಪಡೆದಿದ್ದರಿಂದ ದಾಲ್ಲಮಾನೊನ ಚೌಕಟ್ಟುಗಳನ್ನೂ ಪುರಸೊತ್ತಾಗಿ ನೋಡಿದೆ. "ಹೇಳಿರಲಿಲ್ವಾ?" ಅಂದ ಬಾಮೈದ. ಅಂದಿದ್ದ.

ಇನ್ನು ಫೆರ್ನಾಂದೊ ದಿ ಲೇಯೊ. ಇವನ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ. ದಕ್ಷಿಣದ ಪೂಲ್ಯಾ ಪ್ರಾಂತ್ಯದವನು, ವೆಸ್ಟರ್ನ್‌ಗಳಿಗೆ ಚಿತ್ರಕತೆ ಬರೆದು ಪಳಗಿದವನು. 'ಮಿಲಾನೊ ಕಾಲಿಬ್ರೊ 9' (1972) ಶುರುವಾಗುವುದೇ ಮಾತಿಲ್ಲದ ಒಂದು ಪೊಟ್ಟಣದಿಂದ. ಅದು ಮಿಲಾನಿನ ನಡುಪೇಟೆಯಲ್ಲಿ ಕೈಯಿಂದ ಕೈಗೆ ದಾಟುತ್ತದೆ, ಬಿಚ್ಚಿದರೆ ಹಣದ ಬದಲು ಬಿಳಿ ಕಾಗದ. ಆಮೇಲೆ ಹೊಡೆತ, ಡೈನಮೈಟು. ಹಿನ್ನೆಲೆಯಲ್ಲಿ ಲೂಯಿಸ್ ಬಕಾಲೊವ್‌ನ ಸಂಗೀತ, ಜೊತೆಗೆ ನೇಪಲ್ಸಿನ ರಾಕ್ ತಂಡ ಒಸಾನ್ನಾ. ಇಷ್ಟರವರೆಗೆ ಯಾವ ಆಡಿಯೊ ಆದರೂ ಒಂದೇ. ನಾಯಕ ಉಗೊ ಪಿಯಾಜ್ಜಾ ಜೈಲಿನಿಂದ ಹೊರಗೆ ಬಂದಾಗ ವ್ಯತ್ಯಾಸ ಶುರು. ಪಾತ್ರ ಗಾಸ್ತೊನೆ ಮೊಸ್ಕಿನ್‌ನದು. 'ಗಾಡ್‌ಫಾದರ್ 2'ರಲ್ಲಿ ಬಿಳಿ ಸೂಟಿನ ಡಾನ್ ಫನೂಚ್ಚಿ ನೆನಪಿದೆಯಲ್ಲ, ಅವನೇ. ಇಲ್ಲಿ ಮುಖ ಕಲ್ಲು. ಕದ್ದ ಮೂರು ಲಕ್ಷ ಡಾಲರ್ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ, ಅವನು ಗೊತ್ತಿಲ್ಲ ಅನ್ನುತ್ತಾನೆ. ಮುಖ ಏನನ್ನೂ ಬಿಟ್ಟುಕೊಡದಿದ್ದಾಗ ನೋಡುವವನಿಗೆ ಆಧಾರ ದನಿಯೊಂದೇ. ಇಟಾಲಿಯನ್‌ನಲ್ಲಿ ಆ ದನಿ ದಣಿದಿದೆ, ತಗ್ಗಿದೆ. ಸುಳ್ಳೋ ನಿಜವೋ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಅವನು ಒರಟ, ಅಷ್ಟೆ. ಒರಟನ ಸುಳ್ಳು ಬೇಗ ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡ ನಷ್ಟ ಇಬ್ಬರು ಪೊಲೀಸ್ ಅಧಿಕಾರಿಗಳ ವಾಗ್ವಾದದಲ್ಲಿ. ಒಬ್ಬ ಹಳೇ ಕಾಲದ ಗಡಸು ಕಮಿಷನರ್, ಇನ್ನೊಬ್ಬ ಎಡಪಂಥೀಯ. ಕೆಲಸ ಹುಡುಕಿಕೊಂಡು ದಕ್ಷಿಣದಿಂದ ಬಂದ ಬಡವರನ್ನು ಹಿಡಿದು ಜೈಲಿಗೆ ತುಂಬುತ್ತೀರಿ, ಹಣವಂತರ ತಂಟೆಗೆ ಹೋಗುವುದಿಲ್ಲ ಎಂಬುದು ಎಡಪಂಥೀಯನ ವಾದ. ಈ ಮಾತು ಕತೆಯ ಓಟಕ್ಕೆ ಅಡ್ಡ ಎಂದು ಬೇಸರಿಸುವವರಿದ್ದಾರೆ. ಬಾಮೈದ ಆ ಹೊತ್ತಿಗೆ ಸರಿಯಾಗಿ ಟೀ ಮಾಡಲು ಎದ್ದ. ನನಗೆ ಮಾತ್ರ ದಕ್ಷಿಣದವನೊಬ್ಬ ಉತ್ತರದ ಶ್ರೀಮಂತ ನಗರದ ಬಗ್ಗೆ ಮಾಡಿದ ಸಿನಿಮಾದ ಬೇರು ಅಲ್ಲೇ ಇದೆ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಅದು ಇಬ್ಬರು ಸಹೋದ್ಯೋಗಿಗಳ ಆಫೀಸು ಕಿರಿಕಿರಿಯ ಮಟ್ಟಕ್ಕೆ ಇಳಿದಿತ್ತು.

ಸೆರ್ಜಿಯೊ ಸೊಲ್ಲಿಮಾ ಬಂದಾಗ ಲೆಕ್ಕವೇ ತಪ್ಪಿತು. ಇಟಲಿಯ ನಿರ್ಮಾಪಕರ ಪದ್ಧತಿ ಸರಳ: ಒಂದು ಸಿನಿಮಾ ಗೆದ್ದರೆ ಅದೇ ತರಹದ್ದು ಸಾಲಾಗಿ ಬರಲಿ. 1958ರ 'ಹರ್ಕ್ಯುಲೀಸ್' ಗೆದ್ದಾಗ ಕಟ್ಟುಮಸ್ತಿನವರ ಪುರಾಣ, 1964ರಲ್ಲಿ ಲಿಯೋನ್ ಗೆದ್ದಾಗ ವೆಸ್ಟರ್ನ್, ನಡುವೆ ಜೇಮ್ಸ್ ಬಾಂಡ್ ಗಾಳಿ. ಸೊಲ್ಲಿಮಾನೂ ಮೊದಲು ಗೂಢಚಾರಿ ಸಿನಿಮಾ ಮಾಡಿದವನೇ. ಅದೇ ಗಾಳಿ 1968ರಲ್ಲಿ ಗಾಂಧಿನಗರಕ್ಕೂ ಬೀಸಿ ರಾಜ್‌ಕುಮಾರ್ 'ಜೇಡರ ಬಲೆ'ಯಲ್ಲಿ ಸಿಐಡಿ 999 ಆದರಲ್ಲ. ಸೊಲ್ಲಿಮಾನ 'ದಿ ಬಿಗ್ ಗನ್‌ಡೌನ್' (1966) ಸಾಲಿಗೆ ಸೇರಿದ್ದಾದರೂ ಬೇರೆ ದಾರಿ ಹಿಡಿದದ್ದು. ಕತೆ ಫ್ರಾಂಕೊ ಸೊಲಿನಾಸ್‌ನದು, 'ಬ್ಯಾಟಲ್ ಆಫ್ ಅಲ್ಜೀರ್ಸ್' ಎಂಬ ರಾಜಕೀಯ ಸಿನಿಮಾ ಬರೆದವನು. ಹುಡುಗಿಯೊಬ್ಬಳ ಕೊಲೆಯ ಆರೋಪ ಹೊತ್ತ ಬಡ ಮೆಕ್ಸಿಕನ್ ಕುಚಿಲ್ಲೊನನ್ನು (ಇವನೂ ಮಿಲಿಯಾನ್) ಅಮೆರಿಕದ ನಟ ಲೀ ವ್ಯಾನ್ ಕ್ಲೀಫ್ ಬೆನ್ನಟ್ಟುತ್ತಾನೆ. ಬೆನ್ನಟ್ಟುವಷ್ಟೂ ದೂರ, ತಾನು ಯಾರ ಪರ ಕೆಲಸ ಮಾಡುತ್ತಿದ್ದೇನೆಂಬ ಅನುಮಾನ ಅವನನ್ನು ಬೆನ್ನಟ್ಟುತ್ತದೆ.

ಇಂಗ್ಲಿಷ್ ಹಾಕಿದರೆ ವ್ಯಾನ್ ಕ್ಲೀಫ್‌ನ ಸ್ವಂತ ದನಿ ಸಿಗುತ್ತದೆ. ಆ ದನಿ ಬಿಟ್ಟರೆ ಅರ್ಧ ಮನುಷ್ಯನೇ ಇಲ್ಲ. ಆದರೆ ಅಮೆರಿಕದ ಬಿಡುಗಡೆಗೆ ಸಿನಿಮಾಕ್ಕೆ ಚೆನ್ನಾಗಿ ಕತ್ತರಿ ಹಾಕಿದ್ದರು. ಕತ್ತರಿಸಿದ ದೃಶ್ಯಗಳನ್ನು ಮರಳಿ ಸೇರಿಸಿದ ಆವೃತ್ತಿಯಲ್ಲಿ ಆ ಭಾಗಗಳಿಗೆ ಇಟಾಲಿಯನ್ನೇ ಗತಿ. ಕುದುರೆ ಏರುವಾಗ ಒಂದು ದನಿ, ಇಳಿಯುವಾಗ ಇನ್ನೊಂದು. ಬಾಮೈದ ಬಿದ್ದುಬಿದ್ದು ನಕ್ಕ. ನಾನು ಪೂರ್ತಿ ಇಟಾಲಿಯನ್‌ಗೆ ಹೋದೆ, ಮನಸ್ಸಿಲ್ಲದ ಮನಸ್ಸಿನಿಂದ. ಕತೆ ಅಖಂಡವಾಗಿ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಮುಂದೆ 1976ರಲ್ಲಿ ಇಟಲಿಯ ಟಿವಿಗೆ 'ಸಂದೊಕಾನ್' ಮಾಡಿ, ನಮ್ಮ ಕಬೀರ್ ಬೇಡಿಯನ್ನು ಅಲ್ಲಿ ಮನೆಮಾತು ಮಾಡಿದ್ದೂ ಇದೇ ಸೊಲ್ಲಿಮಾ. ಅಲ್ಲಿ ಬೇಡಿಯ ಬಾಯಲ್ಲೂ ಇನ್ನೊಬ್ಬರ ಕಂಠವೇ.

ಕಡೆಯದು ಸೆರ್ಜಿಯೊ ಮಾರ್ತಿನೊನ 'ಟಾರ್ಸೊ' (1973). ಇಟಲಿಯ ಮೊದಲ ವಾಕ್ಚಿತ್ರದ ನಿರ್ದೇಶಕ ಜೆನ್ನಾರೊ ರಿಗೆಲ್ಲಿ ಈತನ ಅಜ್ಜ. ಮೊದಲ ಒಂದು ಗಂಟೆ ಯಾವ ಭಾಷೆಯಲ್ಲೂ ಅಂಥಾದ್ದೇನಿಲ್ಲ, ಪೆರೂಜಾ ಊರು ಚಂದ ಕಾಣುತ್ತದೆ, ಅಷ್ಟೆ. ಆಮೇಲೆ ಕಾಲು ಉಳುಕಿಸಿಕೊಂಡ ಹುಡುಗಿ ಬಂಗಲೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತಾಳೆ, ಕೊಂದವನು ಅದೇ ಮನೆಯಲ್ಲಿ ಗರಗಸ ಹಿಡಿದಿದ್ದಾನೆ, ಅವಳು ಒಳಗಿರುವುದು ಅವನಿಗೆ ಗೊತ್ತಿಲ್ಲ. ಬಹುಹೊತ್ತು ಮಾತೇ ಇಲ್ಲ. ರಿಮೋಟ್ ಟೀಪಾಯಿ ಮೇಲೆ ಬಿದ್ದಿತ್ತು, ಇಬ್ಬರೂ ಮುಟ್ಟಲಿಲ್ಲ.

ಒಟ್ಟು ಲೆಕ್ಕ ಹಾಕಿದರೆ ಬೀದಿಮಾತಿನ ಪೊಲೀಸ್ ಕತೆಗಳಿಗೆ ನನ್ನ ಓಟು ಇಟಾಲಿಯನ್‌ಗೆ. ಪರದೇಶದಲ್ಲಿ ನಡೆಯುವ ಜಾಲ್ಲೊಗಳಿಗೆ, ಅಮೆರಿಕದ ನಟ ಸ್ವಂತ ದನಿ ಕೊಟ್ಟಿದ್ದು ಕತ್ತರಿ ಬಿದ್ದಿಲ್ಲದ ವೆಸ್ಟರ್ನ್‌ಗಳಿಗೆ ಇಂಗ್ಲಿಷ್. ಡಿಸ್ಕ್ ಕೊಳ್ಳುವವರು ಇನ್ನೊಂದನ್ನು ನೋಡಿಕೊಳ್ಳಿ: ಸಬ್‌ಟೈಟಲ್ ಯಾವುದನ್ನು ಅನುವಾದಿಸುತ್ತದೆ ಎಂದು. ಕೆಲವು ಅಗ್ಗದ ಡಿಸ್ಕುಗಳಲ್ಲಿ ಇಟಾಲಿಯನ್ ಆಡಿಯೊದ ಕೆಳಗೆ ಇಂಗ್ಲಿಷ್ ಡಬ್ಬಿಂಗಿನ ಸಂಭಾಷಣೆಯನ್ನೇ ಅಚ್ಚು ಹೊಡೆದಿರುತ್ತಾರೆ. ಪಾತ್ರ ಎರಡು ಪದ ಆಡಿ ಸುಮ್ಮನಾದರೆ ಕೆಳಗೆ ಎರಡು ಸಾಲು ಬರುತ್ತದೆ. ಮೊದಲ ದಿನ ನಾವು ಜಗಳವಾಡಿದ ಡಿಸ್ಕ್ ಅಂಥದ್ದೇ.